ದೊಡ್ಡ ಫೈಲ್ ಏರಿಸುವಾಗ ಸರ್ವರ್ ಬಸವಳಿದರೆ: ಎಲ್ಲಿ ಸಿಕ್ಕಿಕೊಂಡಿದೆ ಎಂದು ಪತ್ತೆ ಮಾಡುವ ಬಗೆ

ಬೆಳತನಕ ನಡೆದ ಯಕ್ಷಗಾನದ ರೆಕಾರ್ಡಿಂಗ್ ಎಂದರೆ ಎಷ್ಟು ದೊಡ್ಡದು? ಸೆಕೆಂಡಿಗೆ 8 ಮೆಗಾಬಿಟ್ ಲೆಕ್ಕದಲ್ಲಿ ಎಂಟು ತಾಸು ಚಿತ್ರೀಕರಿಸಿದರೆ 28.8 ಜಿಬಿ. ಶಿರಸಿಯ ಸ್ಟುಡಿಯೋದವರಿಗೆ, ಅಡಿಕೆ ತೋಟದ ಡ್ರೋನ್ ಸರ್ವೆ ಮಾಡುವವರಿಗೆ, ಕುಮಟಾ ಅಥವಾ ಕಾರವಾರದ ಕಾಲೇಜಿನಲ್ಲಿ ಪಾಠದ ವಿಡಿಯೋ ಇಡುವವರಿಗೆ ಇಂಥ ಫೈಲುಗಳು ದಿನನಿತ್ಯದ ಕೆಲಸ. ಸರ್ವರ್ ಮಾತ್ರ ಬಿಲ್ಲು, ಹಾಜರಿ, ಚಿಕ್ಕ ಫೋಟೋಗಳಿಗೆಂದು ಯಾವಾಗಲೋ ಹಾಕಿಸಿದ್ದು. ದೊಡ್ಡ ಫೈಲ್ ಬಂದೊಡನೆ ಅದು ನಿಲ್ಲುತ್ತದೆ, ಕುಂಟುತ್ತದೆ, ಇಲ್ಲವೇ ಎಲ್ಲರ ಕೆಲಸವನ್ನೂ ಹಿಡಿದಿಡುತ್ತದೆ.

ಆಗ ಹೆಚ್ಚಿನವರು ಮಾಡುವ ಮೊದಲ ತಪ್ಪು ಸೆಟ್ಟಿಂಗಿನಲ್ಲಿರುವ ಎಲ್ಲ ಅಂಕಿಗಳನ್ನೂ ಒಮ್ಮೆಲೇ ಹತ್ತು ಪಟ್ಟು ಏರಿಸುವುದು. ಹಾಗೆ ಮಾಡಿದರೆ ದೋಷ ಎಲ್ಲಿತ್ತೆಂಬ ಸುಳಿವೇ ಅಳಿಸಿಹೋಗುತ್ತದೆ. ಫೈಲ್ ನಿಮ್ಮ ಕಂಪ್ಯೂಟರಿನಿಂದ ಕೇಬಲ್, ರೂಟರ್, ಹೊರಗಿನ ಲೈನ್, ಮುಂಬಾಗಿಲಿನ ವೆಬ್ ಸರ್ವರ್, ಅದರ ಹಿಂದಿನ ಪ್ರೋಗ್ರಾಂ, ಕೊನೆಗೆ ಡಿಸ್ಕ್ ಎಂದು ಆರು ಕಡೆ ದಾಟಬೇಕು. ಯಾವ ಕಡೆ ಸಿಕ್ಕಿಕೊಂಡಿತು ಎನ್ನುವುದನ್ನು ಅದು ನಿಲ್ಲುವ ರೀತಿಯೇ ಹೇಳುತ್ತದೆ.

## ಏನನ್ನೂ ಮುಟ್ಟುವ ಮೊದಲು

ಒಂದೇ ಫೈಲನ್ನು ಎರಡು ಸಲ, ಬೇರೆ ಗಾತ್ರದ ಇನ್ನೊಂದನ್ನು ಒಂದು ಸಲ ಏರಿಸಿ ನೋಡಿ. ಪ್ರತಿ ಸಲವೂ ಮೂರು ವಿಷಯ ಕಾಗದದ ಮೇಲೆ ಬರೆಯಿರಿ: ಎಷ್ಟು ಎಂಬಿ ಹೋದ ಮೇಲೆ ನಿಂತಿತು, ಎಷ್ಟು ಸೆಕೆಂಡಿಗೆ ನಿಂತಿತು, ಪರದೆಯ ಮೇಲೆ ಯಾವ ಸಂಖ್ಯೆ ಬಂತು.

ಗಾತ್ರ ಒಂದು ಮಿತಿ ದಾಟಿದ ಫೈಲುಗಳು ಮಾತ್ರ ಬೀಳುತ್ತಿದ್ದರೆ ಯಾರೋ ಗಾತ್ರಕ್ಕೆ ಕಡಿವಾಣ ಹಾಕಿದ್ದಾರೆ. ಗಾತ್ರ ಏನೇ ಇರಲಿ, ಸರಿಯಾಗಿ 30, 60 ಅಥವಾ 300 ಸೆಕೆಂಡಿಗೆ ಬೀಳುತ್ತಿದ್ದರೆ ಅದು ಕಾಲಮಿತಿ. ಒಮ್ಮೆ ಇಲ್ಲಿ, ಇನ್ನೊಮ್ಮೆ ಅಲ್ಲಿ ನಿಲ್ಲುತ್ತಿದ್ದರೆ ಕೇಬಲ್, ಲೈನ್ ಅಥವಾ ಡಿಸ್ಕ್ ಮೇಲೆ ಕಣ್ಣಿಡಿ. ಶೇ 100 ತೋರಿಸಿದ ಮೇಲೆ ಸಿಕ್ಕಿಕೊಂಡರೆ ಲೈನಿನ ತಪ್ಪಿಲ್ಲ, ಸರ್ವರ್ ಒಳಗೇ ಏನೋ ನಡೆಯುತ್ತಿದೆ.

ಸೆಟ್ಟಿಂಗ್ ಫೈಲ್ ತಿದ್ದುವ ಮೊದಲು ಅದರ ಪ್ರತಿಯನ್ನು ದಿನಾಂಕ ಸೇರಿಸಿದ ಹೆಸರಿನಲ್ಲಿ ಇಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಆದ ಮೇಲೆ ಮತ್ತೆ ಅದೇ ಫೈಲನ್ನೇ ಏರಿಸಿ ನೋಡಿ. ಫೋಲ್ಡರ್ ಅನುಮತಿಯನ್ನು 777 ಮಾಡಿ ನೋಡೋಣ ಎಂಬ ಸಲಹೆ ಎಲ್ಲಿ ಕಂಡರೂ ಪಾಲಿಸಬೇಡಿ. ಹೊರಗಿನವರು ಫೈಲ್ ಏರಿಸುವ ಜಾಗವನ್ನು ಯಾರು ಬೇಕಾದರೂ ಬರೆಯುವಂತೆ, ನಡೆಸುವಂತೆ ಬಿಟ್ಟರೆ ಸರ್ವರನ್ನೇ ಬಿಟ್ಟುಕೊಟ್ಟಂತೆ.

## ಆಫೀಸಿನೊಳಗಿನಿಂದ ಏರಿಸಿದರೂ ನಿಧಾನ

ಸರ್ವರ್ ಪಕ್ಕದ ಕೋಣೆಯಲ್ಲಿದೆ, ಇಂಟರ್ನೆಟ್ಟಿನ ಮಾತೇ ಇಲ್ಲ. ಆದರೂ ವೇಗ ಸೆಕೆಂಡಿಗೆ 11 ಎಂಬಿ ಆಸುಪಾಸಿನಲ್ಲಿ ಅಂಟಿಕೊಂಡಿದ್ದರೆ ದೋಷ ಬಹುಮಟ್ಟಿಗೆ ಸಿಕ್ಕಂತೆಯೇ. ಗಿಗಾಬಿಟ್ ಲೈನಿನ ಗರಿಷ್ಠ ಸೆಕೆಂಡಿಗೆ 125 ಎಂಬಿ, ವ್ಯವಹಾರದಲ್ಲಿ 110ರ ಹತ್ತಿರ. 100 ಮೆಗಾಬಿಟ್ ಲೈನಿನ ಗರಿಷ್ಠ 12.5, ವ್ಯವಹಾರದಲ್ಲಿ 11 ಚಿಲ್ಲರೆ. ಆ 28.8 ಜಿಬಿ ರೆಕಾರ್ಡಿಂಗ್ ಮೊದಲನೆಯದರಲ್ಲಿ ನಾಲ್ಕೂವರೆ ನಿಮಿಷಕ್ಕೆ ಮುಗಿದರೆ ಎರಡನೆಯದರಲ್ಲಿ ಮುಕ್ಕಾಲು ಗಂಟೆಯ ಹತ್ತಿರ ಹಿಡಿಯುತ್ತದೆ.

ಗಿಗಾಬಿಟ್ ಇದ್ದದ್ದು 100ಕ್ಕೆ ಇಳಿಯುವುದು ಯಾಕೆ? ಗಿಗಾಬಿಟ್‌ಗೆ ಕೇಬಲ್ಲಿನೊಳಗಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಜೋಡಿ ಸಾಕು. ಒಂದು ತಂತಿ ಕೈಕೊಟ್ಟರೆ ಬಹುತೇಕ ಉಪಕರಣಗಳು ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಬ್ರೌಸಿಂಗ್, ಬಿಲ್ಲಿಂಗ್ ಎಲ್ಲ ಮೊದಲಿನಂತೆಯೇ ನಡೆಯುವುದರಿಂದ ದೊಡ್ಡ ಫೈಲ್ ಬರುವ ತನಕ ಯಾರಿಗೂ ತಿಳಿಯುವುದಿಲ್ಲ. ಕಾರವಾರ, ಅಂಕೋಲಾ, ಹೊನ್ನಾವರದ ಕಡೆ ಇದಕ್ಕೆ ದೊಡ್ಡ ಕಾರಣ ಉಪ್ಪುಗಾಳಿ. ಕೇಬಲ್ ತುದಿಯ ಪ್ಲಗ್ಗಿನ ಹಿತ್ತಾಳೆ ಬಣ್ಣದ ಹಲ್ಲುಗಳ ಮೇಲೆ ಹಸಿರು ಅಥವಾ ಕಪ್ಪು ಕಿಲುಬು ಕಂಡರೆ ತಡಮಾಡದೆ ಆ ತುದಿ ಕತ್ತರಿಸಿ ಹೊಸ ಪ್ಲಗ್ ಹಾಕಿಸಿ. ಕಿಲುಬನ್ನು ಉಜ್ಜಿ ತೆಗೆದರೆ ಮೇಲಿನ ಚಿನ್ನದ ತೆಳುಲೇಪವೂ ಹೋಗಿ ಬೇಗನೆ ಮತ್ತೆ ಅದೇ ಗತಿ. ಶಿರಸಿ, ಸಿದ್ದಾಪುರದ ಕಡೆ ಉಪ್ಪಿಲ್ಲದಿದ್ದರೂ ಮಳೆಗಾಲದ ಥಂಡಿ ಇದೆ. ಹೆಂಚಿನ ಮಾಡಿನ ಕೆಳಗೆ ಎಳೆದ ಕೇಬಲ್ಲನ್ನು ಇಲಿ ಕಡಿಯುವುದೂ ಇದೆ.

ಪರೀಕ್ಷೆ ಸುಲಭ. ಲಿನಕ್ಸ್‌ನಲ್ಲಿ ಎತ್‌ಟೂಲ್ ಕಮಾಂಡಿಗೆ ನೆಟ್‌ವರ್ಕ್ ಕಾರ್ಡಿನ ಹೆಸರು ಕೊಟ್ಟರೆ ಈಗಿನ ವೇಗ 1000 ಇದೆಯೋ 100 ಇದೆಯೋ ಹೇಳುತ್ತದೆ. ವಿಂಡೋಸ್‌ನಲ್ಲಿ ಅಡಾಪ್ಟರಿನ ಸ್ಟೇಟಸ್ ಕಿಟಕಿಯಲ್ಲೇ ಇದೆ. 100 ಎಂದಿದ್ದರೆ ಮೊದಲು ಒಂದು ಒಳ್ಳೆಯ ಕೇಬಲ್ ತಂದು ಬದಲಿಸಿ, ಆಮೇಲೆ ಸ್ವಿಚ್ಚಿನ ಬೇರೆ ಪೋರ್ಟಿಗೆ ಹಾಕಿ, ಕೊನೆಗೆ ಸ್ವಿಚ್ಚೇ 100ರದ್ದೋ ನೋಡಿ. ಕೇಬಲ್ 100 ಮೀಟರ್ ಮೀರಿದ್ದರೂ ಹೀಗಾಗುತ್ತದೆ. ವೈಫೈಯಲ್ಲಿ ಏರಿಸುತ್ತಿದ್ದರೆ ಒಮ್ಮೆ ಕೇಬಲ್ ಹಾಕಿ ನೋಡದೆ ಮುಂದಿನ ಯಾವ ಪರೀಕ್ಷೆಗೂ ಹೋಗಬೇಡಿ.

ವೇಗ 1000 ಎಂದೇ ಇದ್ದರೆ ಐಪರ್ಫ್3 ಎಂಬ ಉಚಿತ ಪ್ರೋಗ್ರಾಮನ್ನು ಎರಡೂ ಕಡೆ ಹಾಕಿ ಅರ್ಧ ನಿಮಿಷ ಓಡಿಸಿ. ಅದು ಡಿಸ್ಕನ್ನು ಮುಟ್ಟುವುದಿಲ್ಲ, ಲೈನನ್ನಷ್ಟೇ ಅಳೆಯುತ್ತದೆ. 900 ಮೆಗಾಬಿಟ್ ದಾಟಿದರೆ ಕೇಬಲ್ ನಿರ್ದೋಷಿ, ಕೆಳಗೆ ಡಿಸ್ಕಿನ ಬಗ್ಗೆ ಹೇಳುವ 'ಶುರುವಿನಲ್ಲಿ ಓಡುತ್ತದೆ' ಭಾಗಕ್ಕೆ ಹೋಗಿ.

## ಒಳಗೆ ಸರಿ, ಹೊರಗಿನಿಂದ ಮಾತ್ರ ತೊಂದರೆ

ಮೊದಲು ಲೆಕ್ಕ ಹಾಕಿ, ಆಮೇಲೆ ದೂರು ಕೊಡಿ. ಅದೇ 28.8 ಜಿಬಿ ಫೈಲ್ 20 ಮೆಗಾಬಿಟ್ ಏರುವೇಗದ ಲೈನಿನಲ್ಲಿ ಹೋಗಲು 3 ಗಂಟೆ 12 ನಿಮಿಷ ಬೇಕೇ ಬೇಕು. ಸರ್ವರ್ ಎಂಥದ್ದಾದರೂ ಇದನ್ನು ಕಡಿಮೆ ಮಾಡಲಾರದು. ಪ್ಲಾನಿನಲ್ಲಿ ಹೇಳುವ ದೊಡ್ಡ ಅಂಕಿ ಎಷ್ಟೋ ಸಲ ಇಳಿಸುವ ವೇಗ ಮಾತ್ರ. ಏರಿಸುವ ವೇಗ ಎಷ್ಟೆಂದು ಬೇರೆಯಾಗಿ ಕೇಳಿ, ಅಳೆದು ನೋಡಿ. ಮನೆಮನೆಗೆ ಬರುವ ಜಿಪಾನ್ ಫೈಬರಿನಲ್ಲಿ ಇಳಿಯಲು ಸುಮಾರು 2.5 ಗಿಗಾಬಿಟ್, ಏರಲು ಅದರ ಅರ್ಧ ಮಾತ್ರ. ಅದನ್ನೂ ಒಂದೇ ಎಳೆಯ ಮೇಲಿರುವ ಎಲ್ಲ ಮನೆಗಳೂ ಹಂಚಿಕೊಳ್ಳಬೇಕು. ಸಂಜೆಗಿಂತ ಬೆಳಗಿನ ಜಾವ ಬೇಗ ಹೋಗುವುದು ಇದರಿಂದಲೇ.

ಲೆಕ್ಕಕ್ಕಿಂತ ಬಹಳ ನಿಧಾನವಿದ್ದರೆ ಪಿಂಗ್ ಕಮಾಂಡನ್ನು ಐದು ನಿಮಿಷ ಓಡಿಸಿ ಪ್ಯಾಕೆಟ್ಟುಗಳ (ದತ್ತಾಂಶ ಸಾಗುವ ಸಣ್ಣ ಕಟ್ಟುಗಳ) ನಷ್ಟದ ಪ್ರಮಾಣ ನೋಡಿ. ನಷ್ಟ ಶೇ 1 ಇದ್ದರೂ ಸಣ್ಣದೆಂದು ಬಿಡಬೇಡಿ. ಹೋಗಿಬರಲು 40 ಮಿಲಿಸೆಕೆಂಡ್ ಹಿಡಿಯುವ ಲೈನಿನಲ್ಲಿ ಶೇ 1 ನಷ್ಟವಿದ್ದರೆ ಟಿಸಿಪಿ ಎಂಬ ದತ್ತಾಂಶ ಸಾಗಣೆ ವಿಧಾನದ ಸಾಂಪ್ರದಾಯಿಕ ಸೂತ್ರದ ಪ್ರಕಾರ ಒಂದು ಸಂಪರ್ಕಕ್ಕೆ ಸಿಗುವುದು 3ರಿಂದ 4 ಮೆಗಾಬಿಟ್ ಅಷ್ಟೆ, ಪ್ಲಾನ್ ನೂರರದ್ದಾದರೂ ಸರಿಯೇ. ಪ್ರತಿ ಪ್ಯಾಕೆಟ್ ಕಳೆದಾಗಲೂ ಕಳಿಸುವ ಕಂಪ್ಯೂಟರ್ ವೇಗ ತಗ್ಗಿಸಿ ಮತ್ತೆ ನಿಧಾನವಾಗಿ ಏರುತ್ತದೆ. ಏರುವಷ್ಟರಲ್ಲಿ ಇನ್ನೊಂದು ಕಳೆಯುತ್ತದೆ.

ಘಟ್ಟದ ದಾರಿಗುಂಟ, ಮರಗಳ ಮೇಲೆ ಹಾದುಬರುವ ಫೈಬರ್ ಮಳೆಗಾಲದಲ್ಲಿ ತುಂಡಾಗದಿದ್ದರೂ ಜಗ್ಗಿ, ಬಾಗಿ ಬೆಳಕು ಕಳೆದುಕೊಳ್ಳುತ್ತದೆ. ಫೈಬರ್ ಪೆಟ್ಟಿಗೆಯ ಸೆಟ್ಟಿಂಗ್ ಪುಟದಲ್ಲಿ ಒಳಬರುವ ಬೆಳಕಿನ ಶಕ್ತಿ ತೋರಿಸುತ್ತದೆ. ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳಗಿದ್ದರೆ ನಿಶ್ಚಿಂತೆ. ಸಾಮಾನ್ಯವಾಗಿ ಬಳಸುವ ಬಿ-ಪ್ಲಸ್ ದರ್ಜೆಯ ಪೆಟ್ಟಿಗೆಗೆ ಮೈನಸ್ 27 ಕೊನೆಯ ಗೆರೆ. ಅದರ ಹತ್ತಿರವಿದ್ದು ಮಳೆ ಬಂದಾಗಲೆಲ್ಲ ಕಡಿತವಾಗುತ್ತಿದ್ದರೆ ಆ ಅಂಕಿಯನ್ನು ಬರೆದುಕೊಂಡು ಲೈನ್‌ಮನ್ನರಿಗೆ ತಿಳಿಸಿ. ಫೈಬರಿನ ಪ್ಲಗ್ ಕಳಚಿ ತುದಿಯನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಬಾರದು. ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು.

ಇನ್ನೊಂದು ವಿಚಿತ್ರ ಲಕ್ಷಣವಿದೆ. ಪುಟ ತೆರೆಯುತ್ತದೆ, ಲಾಗಿನ್ ಆಗುತ್ತದೆ, ನಾಲ್ಕು ಸಾಲಿನ ಫಾರ್ಮ್ ಹೋಗುತ್ತದೆ. ಫೈಲ್ ಮಾತ್ರ ಶೇ 0ರಲ್ಲೋ 1ರಲ್ಲೋ ಕಲ್ಲಿನಂತೆ ಕೂತುಬಿಡುತ್ತದೆ. ಸಣ್ಣ ಪ್ಯಾಕೆಟ್ ದಾಟುತ್ತಿದೆ, ತುಂಬಿದ ಪ್ಯಾಕೆಟ್ ದಾಟುತ್ತಿಲ್ಲ ಎಂದು ಇದರ ಅರ್ಥ. ಹೆಸರು, ಪಾಸ್‌ವರ್ಡ್ ಹಾಕಿ ಜೋಡಿಸುವ ಪಿಪಿಪಿಒಇ ಸಂಪರ್ಕದಲ್ಲಿ ಒಂದು ಪ್ಯಾಕೆಟ್ 1500 ಬೈಟ್ ಅಲ್ಲ, 1492 ಮಾತ್ರ. ವಿಂಡೋಸ್‌ನಲ್ಲಿ ಪಿಂಗ್ ಕಮಾಂಡಿಗೆ ತುಂಡು ಮಾಡಬೇಡ ಎಂಬ ಎಫ್ ಆಯ್ಕೆಯನ್ನೂ, ಗಾತ್ರ ಹೇಳುವ ಎಲ್ ಆಯ್ಕೆಗೆ 1464 ಅನ್ನೂ ಕೊಡಿ. ತಲೆಭಾಗದ 28 ಸೇರಿ 1492 ಆಗುತ್ತದೆ. ಇದು ಹೋಗಿ 1472 ಹೋಗದಿದ್ದರೆ ಲೈನಿನ ಅಳತೆ 1492 ಎಂದು ಖಾತ್ರಿ. ರೂಟರಿನಲ್ಲಿ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1492, ಎಂಎಸ್‌ಎಸ್ (ಟಿಸಿಪಿ ತಲೆಭಾಗವೂ ಕಳೆದು ಉಳಿಯುವ ದತ್ತಾಂಶ) 1452 ಎಂದು ಕೂರಿಸಿದರೆ ಕಲ್ಲು ಕರಗುತ್ತದೆ. ಖರ್ಚು ಒಂದು ಪೈಸೆಯೂ ಇಲ್ಲ.

## ತಕ್ಷಣ ತಿರಸ್ಕಾರ, ಅಥವಾ ಒಂದು ಗಾತ್ರ ಮೀರಿದರೆ ಹೋಗುವುದೇ ಇಲ್ಲ

413 ಎಂಬ ಸಂಖ್ಯೆ ಬಂದರೆ ಗಾತ್ರದ ಕಡಿವಾಣ ಎಂದೇ ಅರ್ಥ. ಕೆಲವು ಸಲ ಈ ಸಂಖ್ಯೆಯೂ ಕಾಣದೆ ಸಂಪರ್ಕ ಕಡಿದುಹೋಯಿತು ಎಂದಷ್ಟೇ ಬರುತ್ತದೆ. ಬ್ರೌಸರ್ ಇನ್ನೂ ಕಳಿಸುತ್ತಿರುವಾಗಲೇ ಸರ್ವರ್ ಬಾಗಿಲು ಹಾಕಿಕೊಂಡದ್ದರಿಂದ ಉತ್ತರ ಓದಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಆದ್ದರಿಂದ ಪರದೆಯನ್ನು ನಂಬದೆ ಸರ್ವರ್ ಲಾಗ್ (ನಡೆದದ್ದನ್ನೆಲ್ಲ ಸರ್ವರ್ ಬರೆದಿಡುವ ಫೈಲ್) ನೋಡಿ.

ಎಷ್ಟಕ್ಕೆ ನಿಲ್ಲುತ್ತದೆ ಎಂಬ ಅಂಕಿಯೇ ತಪ್ಪಿತಸ್ಥರ ಹೆಸರು ಹೇಳುತ್ತದೆ:

- 1 ಎಂಬಿ ಮೀರಿದರೆ ಇಲ್ಲ: ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್. ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್ ಎಂಬ ಸಾಲು ಯಾರೂ ಬರೆಯದಿದ್ದರೆ 1 ಎಂಬಿ.
- 2 ಎಂಬಿ: ಪಿಎಚ್‌ಪಿಯ (ಹಿಂದಿನ ಪ್ರೋಗ್ರಾಂ ಬರೆದಿರುವ ಭಾಷೆ) ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್.
- 8 ಎಂಬಿ: ಪಿಎಚ್‌ಪಿಯ ಪೋಸ್ಟ್ ಮ್ಯಾಕ್ಸ್ ಸೈಜ್. ಇದು ಮೀರಿದರೆ ಫಾರ್ಮ್ ಪೂರ್ತಿ ಖಾಲಿಯಾಗಿ ತಲುಪುತ್ತದೆ. ಹೆಸರು ತುಂಬಿದ್ದರೂ ಹೆಸರು ತುಂಬಿ ಎಂದು ಪುಟ ಕೇಳುತ್ತದೆ.
- ಸುಮಾರು 28.6 ಎಂಬಿ: ವಿಂಡೋಸ್‌ನ ವೆಬ್ ಸರ್ವರ್ ಐಐಎಸ್. ಅದರ ಮಿತಿ 3 ಕೋಟಿ ಬೈಟ್. ತೋರಿಸುವ ಸಂಖ್ಯೆ 404.13 ಆದ್ದರಿಂದ ಪುಟವೇ ಇಲ್ಲವೆಂದು ಜನ ತಪ್ಪು ತಿಳಿಯುತ್ತಾರೆ.
- 100 ಎಂಬಿ: ನಿಮ್ಮ ಸರ್ವರಿನ ಮುಂದೆ ಕ್ಲೌಡ್‌ಫ್ಲೇರ್ ಎಂಬ ಹೊರಗಿನ ಸೇವೆಯ ಉಚಿತ ಪ್ಲಾನ್ ಇರಬಹುದು. ನಿಮ್ಮ ಸರ್ವರಿನಲ್ಲಿ ಏನು ತಿದ್ದಿದರೂ ಪ್ರಯೋಜನವಿಲ್ಲ.
- 1 ಜಿಬಿ: ಅಪಾಚೆ ವೆಬ್ ಸರ್ವರಿನ ಈಚಿನ 2.4 ಆವೃತ್ತಿಗಳ ಲಿಮಿಟ್ ರಿಕ್ವೆಸ್ಟ್ ಬಾಡಿ.
- 4 ಜಿಬಿ: ಸಂಗ್ರಹಕ್ಕೆಂದು ಜೋಡಿಸಿದ ಯುಎಸ್‌ಬಿ ಡಿಸ್ಕ್ ಫ್ಯಾಟ್32 ಮಾದರಿಯದು. ಅದರಲ್ಲಿ ಅದಕ್ಕಿಂತ ದೊಡ್ಡ ಫೈಲ್ ಹಿಡಿಯುವುದೇ ಇಲ್ಲ.

ಮಿತಿಯನ್ನು ಏರಿಸುವಾಗ ಹೊರಗಿನಿಂದ ಒಳಗೆ ಬರುವ ಕ್ರಮದಲ್ಲಿ ಏರಿಸಿ, ಹೊರಗಿನ ಮಿತಿ ಒಳಗಿನದಕ್ಕಿಂತ ಸ್ವಲ್ಪ ಹೆಚ್ಚಿರಲಿ. ಫೈಲಿಗೆ 2 ಜಿಬಿ ಬೇಕಾದರೆ ಅಪ್‌ಲೋಡ್ ಮಿತಿ 2048 ಎಂಬಿ, ಪೋಸ್ಟ್ ಮಿತಿ 2100 ಎಂಬಿ, ಎಂಜಿನ್‌ಎಕ್ಸ್‌ನಲ್ಲಿ 2200 ಎಂಬಿ. ಎಂಜಿನ್‌ಎಕ್ಸ್‌ನಲ್ಲಿ 0 ಎಂದು ಬರೆದರೆ ಮಿತಿಯೇ ಇರುವುದಿಲ್ಲ. ಹಾಗೆ ಮಾಡಬೇಡಿ, ಯಾರು ಬೇಕಾದರೂ ಒಂದೇ ರಾತ್ರಿಯಲ್ಲಿ ಡಿಸ್ಕ್ ತುಂಬಿಸಬಹುದು. ಮಿತಿಯನ್ನು ಇಡೀ ಸೈಟಿಗೆ ಏರಿಸದೆ ಅಪ್‌ಲೋಡ್ ಪುಟದ ವಿಳಾಸಕ್ಕೆ ಮಾತ್ರ ಏರಿಸಿ. ತಿದ್ದಿದ ಮೇಲೆ ಎಂಜಿನ್‌ಎಕ್ಸ್ ಕಮಾಂಡಿಗೆ ಟಿ ಆಯ್ಕೆ ಕೊಟ್ಟು ವ್ಯಾಕರಣ ಸರಿಯಿದೆಯೇ ಪರೀಕ್ಷಿಸಿ, ಸರಿಯಿದ್ದರಷ್ಟೇ ರೀಲೋಡ್ ಮಾಡಿ. ಪಿಎಚ್‌ಪಿ ಸೆಟ್ಟಿಂಗ್ ತಿದ್ದಿದರೆ ಅದನ್ನು ನಡೆಸುವ ಎಫ್‌ಪಿಎಂ ಸೇವೆಯನ್ನೂ ಮತ್ತೆ ಶುರು ಮಾಡಬೇಕು. ಇದನ್ನು ಮರೆತು ಅರ್ಧ ದಿನ ಕಳೆಯುವವರು ಬಹಳ.

ಇದೇ ಗುಂಪಿಗೆ ಸೇರುವ ಒಂದು ಮೌನದೋಷವೂ ಇದೆ. ಡ್ರೋನ್ ಸರ್ವೆಯ 50 ಫೋಟೋ ಒಟ್ಟಿಗೆ ಆರಿಸಿ ಕಳಿಸುತ್ತೀರಿ, ತಪ್ಪಿನ ಸಂದೇಶ ಪರದೆಯ ಮೇಲೆ ಬರುವುದಿಲ್ಲ, ತೆರೆದು ನೋಡಿದರೆ 20 ಮಾತ್ರ ಇವೆ. ಪಿಎಚ್‌ಪಿಯ ಮ್ಯಾಕ್ಸ್ ಫೈಲ್ ಅಪ್‌ಲೋಡ್ಸ್ ಎಂಬ ಅಂಕಿ ಮೂಲತಃ 20. ಮೂಲ ಫೋಟೋ ಅಳಿಸುವ ಮೊದಲು ಎಣಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

## ಸರಿಯಾಗಿ ಒಂದೇ ಹೊತ್ತಿಗೆ ಕಡಿತ

ಕೈಗಡಿಯಾರ ಹಿಡಿದು ನೋಡಿ. 30 ಸೆಕೆಂಡಿಗೆ ಬಿದ್ದು ಲಾಗಿನಲ್ಲಿ ವರ್ಕರ್ ಟೈಮ್‌ಔಟ್ ಎಂದಿದ್ದರೆ ಪೈಥಾನ್ ಪ್ರೋಗ್ರಾಮನ್ನು ನಡೆಸುವ ಗನಿಕಾರ್ನ್. 5 ನಿಮಿಷಕ್ಕೆ ಸರಿಯಾಗಿ ಬಿದ್ದರೆ ನೋಡ್‌ಜೆಎಸ್: 18ನೇ ಆವೃತ್ತಿಯಿಂದ ಒಂದು ವಿನಂತಿ ಪೂರ್ತಿ ಬಂದು ಮುಗಿಯಲು ಅದು ಕೊಡುವ ಸಮಯ 300 ಸೆಕೆಂಡ್. ನೋಡ್ ಅನ್ನು ನೇರವಾಗಿ ಹೊರಗೆ ತೆರೆದಿಟ್ಟವರಿಗೆ ನಿಧಾನ ಲೈನಿನ ಗ್ರಾಹಕರೆಲ್ಲ ಇಲ್ಲೇ ಸಿಕ್ಕಿಬೀಳುತ್ತಾರೆ.

60 ಸೆಕೆಂಡ್ ಎಂದರೆ ಹೆಚ್ಚಾಗಿ ಎಂಜಿನ್‌ಎಕ್ಸ್, ಆದರೆ ಅದರಲ್ಲಿ ಎರಡು ಬೇರೆ ಬೇರೆ ಅರವತ್ತುಗಳಿವೆ. ಲಾಗಿನಲ್ಲಿ 408 ಕಂಡರೆ ಕಳಿಸುವವರ ಕಡೆಯಿಂದ 60 ಸೆಕೆಂಡ್ ಒಂದು ಬೈಟೂ ಬಂದಿಲ್ಲ. ಒಟ್ಟು ಅಪ್‌ಲೋಡ್ 60 ಸೆಕೆಂಡಿಗೆ ಮುಗಿಯಬೇಕು ಎಂದಲ್ಲ, ನಡುವಿನ ಮೌನ ಅಷ್ಟನ್ನು ಮೀರಬಾರದು ಎಂದು. ಅಂದರೆ ದೋಷ ಲೈನಿನದು; ಕಾಲಮಿತಿ ಏರಿಸುವುದು ಗಾಯ ಮುಚ್ಚಿದ ಹಾಗೆ. 504 ಕಂಡರೆ ಫೈಲ್ ಬಂದು ಮುಟ್ಟಿದೆ, ಹಿಂದಿನ ಪ್ರೋಗ್ರಾಂ 60 ಸೆಕೆಂಡಿನಲ್ಲಿ ಉತ್ತರ ಕೊಟ್ಟಿಲ್ಲ. 499 ಕಂಡರೆ ಬಳಸುವವರೇ ಕಾದು ಸಾಕಾಗಿ ಪುಟ ಮುಚ್ಚಿದ್ದಾರೆ, ಅಥವಾ ಅವರ ಕಡೆ ಕರೆಂಟ್ ಹೋಗಿದೆ.

ಪಿಎಚ್‌ಪಿಯ ಮ್ಯಾಕ್ಸ್ ಎಕ್ಸಿಕ್ಯೂಷನ್ ಟೈಮ್ ಏರಿಸಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ನಿಧಾನ ಅಪ್‌ಲೋಡಿಗೆ ಅದು ಮದ್ದಲ್ಲ. ಫೈಲ್ ಬರುತ್ತಿರುವ ಸಮಯ ಆ ಲೆಕ್ಕಕ್ಕೆ ಸೇರುವುದೇ ಇಲ್ಲ.

## ಜಾಗವಿದ್ದರೂ ಜಾಗವಿಲ್ಲ ಎನ್ನುತ್ತದೆ

ಡಿಸ್ಕಿನಲ್ಲಿ 5 ಜಿಬಿ ಖಾಲಿ ಇದೆ, ಫೈಲ್ 2 ಜಿಬಿ, ಆದರೂ ವಿಫಲ. ಇದು ಈ ಕೈಪಿಡಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ, ಯಾಕೆಂದರೆ ವೇಗದ ದೋಷವೂ ಇಲ್ಲೇ ಅಡಗಿರುತ್ತದೆ.

ಎಂಜಿನ್‌ಎಕ್ಸ್ ಮತ್ತು ಪಿಎಚ್‌ಪಿ ಇರುವ ಸಾಮಾನ್ಯ ಸರ್ವರಿನಲ್ಲಿ ಒಂದು ಫೈಲ್ ಮೂರು ಸಲ ಡಿಸ್ಕಿಗೆ ಬರೆಯಲ್ಪಡಬಹುದು. ಎಂಜಿನ್‌ಎಕ್ಸ್ ಮೊದಲು ಪೂರ್ತಿ ಫೈಲನ್ನು ತನ್ನ ತಾತ್ಕಾಲಿಕ ಫೋಲ್ಡರಿನಲ್ಲಿ ಕೂಡಿಡುತ್ತದೆ. ಪೂರ್ತಿ ಬಂದ ಮೇಲೆ ಅದನ್ನು ಪಿಎಚ್‌ಪಿಗೆ ಕೊಡುತ್ತದೆ, ಪಿಎಚ್‌ಪಿ ತನ್ನ ತಾತ್ಕಾಲಿಕ ಫೋಲ್ಡರಿನಲ್ಲಿ ಮತ್ತೊಮ್ಮೆ ಬರೆಯುತ್ತದೆ. ಆಮೇಲೆ ಪ್ರೋಗ್ರಾಂ ಅದನ್ನು ಕೊನೆಯ ಜಾಗಕ್ಕೆ ಸರಿಸುತ್ತದೆ. ತಾತ್ಕಾಲಿಕ ಫೋಲ್ಡರ್ ಮತ್ತು ಕೊನೆಯ ಜಾಗ ಒಂದೇ ಪಾರ್ಟಿಷನ್ನಿನಲ್ಲಿದ್ದರೆ ಹೆಸರಷ್ಟೇ ಬದಲಾಗುತ್ತದೆ, ಕಣ್ಣೆವೆಯಲ್ಲಿ ಮುಗಿಯುತ್ತದೆ. ಬೇರೆ ಪಾರ್ಟಿಷನ್ ಆದರೆ ಇಡೀ ಫೈಲಿನ ನಕಲು ನಡೆಯುತ್ತದೆ. ಹೀಗೆ 2 ಜಿಬಿ ಫೈಲಿಗೆ 6 ಜಿಬಿ ಬರವಣಿಗೆ. ಇಬ್ಬರು ಒಟ್ಟಿಗೆ ಏರಿಸಿದರೆ 12.

ಡಿಎಫ್ ಕಮಾಂಡನ್ನು ಎಚ್ ಆಯ್ಕೆಯೊಂದಿಗೆ ಓಡಿಸಿ, ಮುಖ್ಯ ಡಿಸ್ಕನ್ನಷ್ಟೇ ಅಲ್ಲ, ಟಿಎಂಪಿ ಫೋಲ್ಡರ್ ಎಲ್ಲಿ ಕೂತಿದೆ ಎಂದೂ ನೋಡಿ. ಟಿಎಂಪಿಎಫ್‌ಎಸ್ ಎಂದು ಬರೆದಿದ್ದರೆ ಅದು ಡಿಸ್ಕಿನಲ್ಲಿಲ್ಲ, ರ್‍ಯಾಮಿನಲ್ಲಿದೆ. ಡೆಬಿಯನ್ 13ರಲ್ಲಿ ಇದೇ ವಾಡಿಕೆ, ಗಾತ್ರ ರ್‍ಯಾಮಿನ ಅರ್ಧ. 4 ಜಿಬಿ ರ್‍ಯಾಮಿನ ಸರ್ವರಿನಲ್ಲಿ 2 ಜಿಬಿ ಫೈಲ್ ಅಲ್ಲಿ ಹಿಡಿಯುವುದಿಲ್ಲ. ಹಿಡಿದರೂ ಉಳಿದ ಕೆಲಸಕ್ಕೆ ಜಾಗ ಉಳಿಯುವುದಿಲ್ಲ. ಹಳೆಯ ಆವೃತ್ತಿಯಲ್ಲಿ ಸರಿಯಿದ್ದದ್ದು ಹೊಸದಕ್ಕೆ ಏರಿಸಿದೊಡನೆ ಕೆಟ್ಟಿತು ಎನ್ನುವವರು ಇದನ್ನು ಮೊದಲು ನೋಡಬೇಕು.

ಪರಿಹಾರ ಸರಳ: ಸಂಗ್ರಹದ ಡಿಸ್ಕಿನಲ್ಲೇ ಒಂದು ತಾತ್ಕಾಲಿಕ ಫೋಲ್ಡರ್ ಮಾಡಿ, ಎಂಜಿನ್‌ಎಕ್ಸ್‌ನ ಕ್ಲೈಂಟ್ ಬಾಡಿ ಟೆಂಪ್ ಪಾತ್ ಮತ್ತು ಪಿಎಚ್‌ಪಿಯ ಅಪ್‌ಲೋಡ್ ಟಿಎಂಪಿ ಡೈರ್ ಎರಡನ್ನೂ ಅಲ್ಲಿಗೆ ತಿರುಗಿಸಿ. ಮೂರು ಬರವಣಿಗೆ ಎರಡಕ್ಕೆ ಇಳಿಯುತ್ತದೆ. ಈ ಫೋಲ್ಡರ್ ವೆಬ್‌ನಿಂದ ತೆರೆಯುವ ಜಾಗದಲ್ಲಿ ಇರಬಾರದು.

ಡಿಎಫ್‌ಗೆ ಐ ಆಯ್ಕೆ ಕೊಟ್ಟು ಐನೋಡ್ (ಪ್ರತಿ ಫೈಲಿಗೂ ಒಂದರಂತೆ ಬೇಕಾಗುವ ದಾಖಲೆಯ ಜಾಗ) ಎಷ್ಟು ಉಳಿದಿವೆ ಎಂದೂ ನೋಡಿ. ಫೈಲನ್ನು ತುಂಡು ತುಂಡಾಗಿ ಕಳಿಸುವ ವ್ಯವಸ್ಥೆಯಲ್ಲಿ ಅರ್ಧಕ್ಕೆ ನಿಂತ ಅಪ್‌ಲೋಡುಗಳ ತುಂಡುಗಳು ಲಕ್ಷಗಟ್ಟಲೆ ಉಳಿದು ಐನೋಡ್ ಮುಗಿದಿರುತ್ತದೆ, ಜಿಬಿ ಲೆಕ್ಕದಲ್ಲಿ ಮಾತ್ರ ಜಾಗ ಕಾಣುತ್ತದೆ. ಎರಡು ದಿನಕ್ಕಿಂತ ಹಳೆಯ ತುಂಡುಗಳನ್ನು ಅಳಿಸಬಹುದು. ಆದರೆ ಮೊದಲು ಫೈಂಡ್ ಕಮಾಂಡಿನಿಂದ ಪಟ್ಟಿ ಮಾತ್ರ ತೆಗೆದು ಕಣ್ಣಾಡಿಸಿ. ಅಳಿಸುವ ಆಯ್ಕೆಯನ್ನು ಆಮೇಲೆ ಸೇರಿಸಿ.

## ಶುರುವಿನಲ್ಲಿ ಓಡುತ್ತದೆ, ಆಮೇಲೆ ಕುಂಟುತ್ತದೆ

ಮೊದಲ ಒಂದೆರಡು ಜಿಬಿ ಸರಸರ ಹೋಗಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಲಿನಕ್ಸ್ ಬಂದದ್ದನ್ನು ಮೊದಲು ರ್‍ಯಾಮಿನಲ್ಲಿ ಇಟ್ಟುಕೊಂಡು ಆಮೇಲೆ ಡಿಸ್ಕಿಗೆ ಇಳಿಸುತ್ತದೆ. ಲಭ್ಯ ರ್‍ಯಾಮಿನ ಶೇ 10 ತುಂಬಿದಾಗ ಹಿನ್ನೆಲೆಯಲ್ಲಿ ಇಳಿಸಲು ತೊಡಗುತ್ತದೆ, ಶೇ 20 ಮುಟ್ಟಿದಾಗ ಬರೆಯುವ ಪ್ರೋಗ್ರಾಮನ್ನೇ ತಡೆದು ನಿಲ್ಲಿಸುತ್ತದೆ. 32 ಜಿಬಿ ರ್‍ಯಾಮ್ ಇದ್ದು ಡಿಸ್ಕ್ ಹಳೆಯ ತಿರುಗುವ ಡಿಸ್ಕಾದರೆ ಆರು ಜಿಬಿಯಷ್ಟು ಬಾಕಿ ಒಮ್ಮೆಲೇ ಅದರ ತಲೆಮೇಲೆ ಬೀಳುತ್ತದೆ. ಲಿನಕ್ಸ್ ಸೆಟ್ಟಿಂಗಿನಲ್ಲಿ ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್ 64 ಎಂಬಿ, ಡರ್ಟಿ ಬೈಟ್ಸ್ 256 ಎಂಬಿ ಎಂದು ಕಟ್ಟಿಹಾಕಿದರೆ ಗರಿಷ್ಠ ವೇಗ ಏರುವುದಿಲ್ಲ, ಆದರೆ ಓಟ ಹದವಾಗುತ್ತದೆ, ಉಳಿದವರ ಕೆಲಸ ನಿಲ್ಲುವುದಿಲ್ಲ.

ಡಿಸ್ಕೇ ಕಾರಣವೋ ಎಂದು ತಿಳಿಯಲು ಅಪ್‌ಲೋಡ್ ನಡೆಯುವಾಗ ಟಾಪ್ ತೆರೆದು ಡಬ್ಲ್ಯೂಎ ಎಂಬ ಅಂಕಿ ನೋಡಿ. ಅದು ಪ್ರೊಸೆಸರ್ ಡಿಸ್ಕಿಗಾಗಿ ಕಾಯುತ್ತಿರುವ ಪ್ರಮಾಣ. 30, 40 ದಾಟಿ ಅಲ್ಲೇ ನಿಂತಿದ್ದರೆ ಐಒಸ್ಟ್ಯಾಟ್ ಕಮಾಂಡನ್ನು ಎಕ್ಸ್ ಆಯ್ಕೆಯೊಂದಿಗೆ ಸೆಕೆಂಡಿಗೊಮ್ಮೆ ಓಡಿಸಿ. ಬರವಣಿಗೆಯ ವೇಗ ಸೆಕೆಂಡಿಗೆ ಹತ್ತಿಪ್ಪತ್ತು ಎಂಬಿ ಮಾತ್ರ ಇದ್ದು ಡಿಸ್ಕ್ ಶೇ 100 ಮಗ್ನವಾಗಿದ್ದರೆ ನಾಲ್ಕು ಸಾಧ್ಯತೆ: ರೇಡ್ (ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ವ್ಯವಸ್ಥೆ) ಮರುಜೋಡಣೆ ನಡೆಯುತ್ತಿದೆ, ಡಿಸ್ಕ್ ಎಸ್‌ಎಂಆರ್ (ಸಾಲುಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ) ಮಾದರಿಯದಾಗಿದ್ದು ಅದರ ವೇಗದ ಭಾಗ ತುಂಬಿದೆ, ಅಗ್ಗದ ಎಸ್‌ಎಸ್‌ಡಿಯ ಕ್ಯಾಶ್ ಮುಗಿದಿದೆ, ಇಲ್ಲವೇ ಡಿಸ್ಕ್ ಸಾಯುತ್ತಿದೆ.

ಕೊನೆಯದನ್ನು ಮೊದಲು ಪರೀಕ್ಷಿಸಿ. ಸ್ಮಾರ್ಟ್‌ಸಿಟಿಎಲ್ ಕಮಾಂಡ್ ಕೊಡುವ ಪಟ್ಟಿಯಲ್ಲಿ 5 ಮತ್ತು 197 ಎಂಬ ಗುರುತುಸಂಖ್ಯೆಯ ಸಾಲುಗಳ ಕೊನೆಯ ಅಂಕಿ ಸೊನ್ನೆ ಇರಬೇಕು. ಸೊನ್ನೆಯಲ್ಲದೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ವೇಗದ ಪರೀಕ್ಷೆ ಬೇಡ, ರೀಸ್ಟಾರ್ಟ್ ಬೇಡ, ದೊಡ್ಡ ಫೈಲ್ ಬೇಡ. ಇರುವ ದತ್ತಾಂಶವನ್ನು ಬೇರೆ ಡಿಸ್ಕಿಗೆ ನಕಲು ಮಾಡುವುದೊಂದೇ ಆಗ ಮಾಡಬೇಕಾದ ಕೆಲಸ. 199 ಎಂಬ ಗುರುತಿನ ಸಾಲು ಮಾತ್ರ ಏರುತ್ತಿದ್ದರೆ ಡಿಸ್ಕ್ ಚೆನ್ನಾಗಿದೆ, ಸಾಟಾ ಕೇಬಲ್ ಸಡಿಲವಾಗಿದೆ ಅಥವಾ ಕಿಲುಬು ಹಿಡಿದಿದೆ. ಫೈಲ್ ವ್ಯವಸ್ಥೆ ಸರಿಪಡಿಸುವ ಎಫ್‌ಎಸ್‌ಸಿಕೆ ಕಮಾಂಡನ್ನು ಬಳಕೆಯಲ್ಲಿರುವ ಡಿಸ್ಕಿನ ಮೇಲೆ ಎಂದಿಗೂ ಓಡಿಸಬಾರದು.

## ಶೇ 100 ಆದ ಮೇಲೆ ಸುತ್ತುತ್ತಲೇ ಇರುತ್ತದೆ

ಮೇಲೆ ಹೇಳಿದ ನಕಲು ಒಂದು ಕಾರಣ. ಇನ್ನೊಂದು, ಪ್ರೋಗ್ರಾಂ ಆ ಹೊತ್ತಿಗೇ ವೈರಸ್ ತಪಾಸಣೆ, ವಿಡಿಯೋ ಪರಿವರ್ತನೆ, ಫೋಟೋ ಚಿಕ್ಕದಾಗಿಸುವುದು ಎಲ್ಲ ಮಾಡಲು ಹೊರಡುವುದು. 24 ಮೆಗಾಪಿಕ್ಸೆಲ್ ಫೋಟೋ ಡಿಸ್ಕಿನಲ್ಲಿ 8 ಎಂಬಿ ಇರಬಹುದು, ತೆರೆದಾಗ ಪಿಕ್ಸೆಲ್ಲಿಗೆ 4 ಬೈಟಿನಂತೆ ಮೆಮೊರಿಯಲ್ಲಿ 96 ಎಂಬಿ. ತಿರುಗಿಸಲು ಇನ್ನೊಂದು ಪ್ರತಿ ಮಾಡಿದರೆ ಪಿಎಚ್‌ಪಿಯ ವಾಡಿಕೆಯ 128 ಎಂಬಿ ಮಿತಿ ದಾಟಿತು. ಬಿಳಿ ಪುಟ ಅಥವಾ 500 ಬರುವುದು ಇದಕ್ಕೇ. ಇಂಥ ಕೆಲಸವನ್ನು ಅಪ್‌ಲೋಡಿನಿಂದ ಬಿಡಿಸಿ ಸರದಿಗೆ ಹಾಕಬೇಕು: ಫೈಲ್ ಬಂತು ಎಂದು ಕೂಡಲೇ ಉತ್ತರ ಕೊಟ್ಟು, ಪರಿವರ್ತನೆಯನ್ನು ಹಿನ್ನೆಲೆಯಲ್ಲಿ, ಒಂದು ಸಲಕ್ಕೆ ಒಂದರಂತೆ, ಕಡಿಮೆ ಆದ್ಯತೆಯಲ್ಲಿ ನಡೆಸುವುದು.

## ಒಬ್ಬರು ಏರಿಸಿದರೆ ಎಲ್ಲರಿಗೂ ನಿಧಾನ

ಏರಿಸುವವರ ಆಫೀಸಿನಲ್ಲೇ ಉಳಿದವರ ಇಂಟರ್ನೆಟ್ ಸತ್ತಂತಾದರೆ ತಪ್ಪು ಸರ್ವರಿನದಲ್ಲ. ರೂಟರಿನಲ್ಲಿ ಪ್ಯಾಕೆಟ್ಟುಗಳ ಉದ್ದ ಸಾಲು ಕಟ್ಟಿದೆ. ಪಿಂಗ್ 30ರಿಂದ 800 ಮಿಲಿಸೆಕೆಂಡಿಗೆ ಏರಿದ್ದು ಕಂಡರೆ ಖಚಿತ. ರೂಟರಿನಲ್ಲಿ ಈ ಸಾಲು ಬೆಳೆಯದಂತೆ ನೋಡುವ ಎಸ್‌ಕ್ಯೂಎಂ ಸೌಲಭ್ಯವಿದ್ದರೆ ಏರುವೇಗವನ್ನು ಅಳೆದ ವೇಗದ ಶೇ 90ಕ್ಕೆ ಕಟ್ಟಿ. ಇಲ್ಲದಿದ್ದರೆ ಕಳಿಸುವ ಪ್ರೋಗ್ರಾಮಿನಲ್ಲೇ ವೇಗ ಮಿತಿಗೊಳಿಸಿ.

ಬೇರೆ ಊರಿನಲ್ಲಿ ಕೂತವರಿಗೂ ಸೈಟ್ ತೆರೆಯುತ್ತಿಲ್ಲವಾದರೆ ಸರ್ವರಿನಲ್ಲಿ ಕೆಲಸದಾಳುಗಳು ಸಾಲುತ್ತಿಲ್ಲ. ಎಫ್‌ಪಿಎಂ ಲಾಗಿನಲ್ಲಿ ಮ್ಯಾಕ್ಸ್ ಚಿಲ್ಡ್ರನ್ (ಒಟ್ಟಿಗೆ ದುಡಿಯುವ ಕೆಲಸದಾಳುಗಳ ಸಂಖ್ಯೆ) ಮಿತಿ ಮುಟ್ಟಿತು ಎಂಬ ಸಾಲು ಹುಡುಕಿ. ವಾಡಿಕೆಯ ಅಂಕಿ 5. ಐದು ಜನರ ಫೈಲ್ ಪರಿಷ್ಕರಣೆ ಒಟ್ಟಿಗೆ ನಡೆದರೆ ಆರನೆಯವರು ಹೊರಗೆ. ಕಣ್ಣುಮುಚ್ಚಿ 50 ಮಾಡಬೇಡಿ. ಒಂದೊಂದು ಎಷ್ಟು ರ್‍ಯಾಮ್ ತಿನ್ನುತ್ತದೆ ಎಂದು ಅಳೆದು, ಖಾಲಿ ರ್‍ಯಾಮನ್ನು ಅದರಿಂದ ಭಾಗಿಸಿ. 2 ಜಿಬಿ ಖಾಲಿ, ಒಂದಕ್ಕೆ 100 ಎಂಬಿ ಎಂದಾದರೆ 15ರಿಂದ 20.

ಏರಿಸುತ್ತಿರುವ ಅದೇ ವ್ಯಕ್ತಿಯ ಇನ್ನೊಂದು ಟ್ಯಾಬ್ ಮಾತ್ರ ಕಾಯುತ್ತಿದ್ದರೆ ಪಿಎಚ್‌ಪಿಯ ಸೆಷನ್ ಬೀಗ: ಒಬ್ಬರ ಲಾಗಿನ್‌ನ ಒಂದು ಕೆಲಸ ಮುಗಿಯದೆ ಇನ್ನೊಂದು ಶುರುವಾಗುವುದಿಲ್ಲ. ಪ್ರೋಗ್ರಾಂ ಬರೆದವರಿಗೆ ಸೆಷನ್ ಬೇಗ ಮುಚ್ಚಲು ಹೇಳಿ.

## ಪ್ರೋಗ್ರಾಂ ಸತ್ತು ಮತ್ತೆ ಏಳುತ್ತದೆ, 502 ಬರುತ್ತದೆ

ಡಿಎಂಇಎಸ್‌ಜಿ ಕಮಾಂಡ್ ತೋರಿಸುವ ಲಾಗಿನಲ್ಲಿ ಔಟ್ ಆಫ್ ಮೆಮೊರಿ ಎಂದು ಹುಡುಕಿ. ಸಿಕ್ಕರೆ ಪ್ರೋಗ್ರಾಂ ಇಡೀ ಫೈಲನ್ನು ರ್‍ಯಾಮಿಗೆ ಎಳೆದುಕೊಳ್ಳುತ್ತಿದೆ, ಲಿನಕ್ಸ್ ಅದನ್ನು ಕೊಂದಿದೆ. ರ್‍ಯಾಮ್ ಹೆಚ್ಚಿಸುವುದು ಇಲ್ಲಿ ದುಬಾರಿ ಮುಂದೂಡಿಕೆ ಮಾತ್ರ. ಫೈಲನ್ನು ಸಣ್ಣ ಸಣ್ಣ ತುತ್ತಾಗಿ ಓದಿ ಬರೆಯುವಂತೆ ಪ್ರೋಗ್ರಾಂ ತಿದ್ದಬೇಕು.

## ಎಲ್ಲ ಸರಿಪಡಿಸಿದರೂ ನಮ್ಮ ಲೈನಿಗೆ ತಡೆಯುವುದಿಲ್ಲ

ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ಮೂರು ತಾಸಿನ ಅಪ್‌ಲೋಡ್ ಒಂದೇ ಉಸಿರಿಗೆ ಮುಗಿಯಬೇಕೆಂದು ಬಯಸುವುದೇ ತಪ್ಪು ವಿನ್ಯಾಸ. ಕಡಿದಲ್ಲಿಂದ ಮುಂದುವರಿಯುವ ವ್ಯವಸ್ಥೆ ಬೇಕು. ಟಸ್ ಎಂಬ ಮುಕ್ತ ಪ್ರೋಟೋಕಾಲ್ ಇದಕ್ಕೆಂದೇ ಇದೆ. ಅಮೆಜಾನಿನ ಎಸ್3 ಮಾದರಿಯ ಕ್ಲೌಡ್ ಸಂಗ್ರಹವಾದರೆ ತುಂಡಾಗಿ ಕಳಿಸುವ ಮಲ್ಟಿಪಾರ್ಟ್ ಬಳಸಿ: ಕೊನೆಯದನ್ನು ಬಿಟ್ಟು ಪ್ರತಿ ತುಂಡು ಕನಿಷ್ಠ 5 ಎಂಬಿ, ಹೆಚ್ಚೆಂದರೆ 10,000 ತುಂಡು. ಅಂದರೆ 28.8 ಜಿಬಿಗೆ 5 ಎಂಬಿ ತುಂಡು ಮಾಡಿದರೆ 5,700ರ ಆಸುಪಾಸು, ಮಿತಿಯೊಳಗೇ ಇದೆ. ನಮ್ಮ ಕಡೆಯ ಲೈನಿಗೆ 8ರಿಂದ 10 ಎಂಬಿ ತುಂಡು ಹದ. 20 ಮೆಗಾಬಿಟ್ಟಿನಲ್ಲಿ 10 ಎಂಬಿ ಹೋಗಲು 4 ಸೆಕೆಂಡ್, ಕಡಿದರೆ ಕಳೆಯುವುದು ಅಷ್ಟೇ. ತುಂಡು ಮಾಡಿದರೆ 100 ಎಂಬಿಯ ಹೊರಗಿನ ಮಿತಿಯೂ, 60 ಸೆಕೆಂಡಿನ ಕಾಲಮಿತಿಯೂ ತಾನಾಗಿ ತೊಂದರೆಯಾಗುವುದು ನಿಲ್ಲುತ್ತದೆ.

## ಎಲ್ಲಿ ಕೈಬಿಟ್ಟು ಬೇರೆಯವರನ್ನು ಕರೆಯಬೇಕು

ಡಿಸ್ಕಿನಿಂದ ಟಕಟಕ ಸದ್ದು ಬಂದರೆ, ಫೈಲ್ ವ್ಯವಸ್ಥೆ ಓದಲು ಮಾತ್ರ ಎಂಬ ಸ್ಥಿತಿಗೆ ಹೋಗಿದ್ದರೆ, ರೇಡ್‌ನಲ್ಲಿ ಒಂದು ಡಿಸ್ಕ್ ಬಿದ್ದಿದ್ದರೆ ಮುಂದಿನ ಹೆಜ್ಜೆ ದತ್ತಾಂಶ ಉಳಿಸಬಲ್ಲವರದು. ಯಾರೂ ಏರಿಸದ ಫೈಲುಗಳು ಅಪ್‌ಲೋಡ್ ಫೋಲ್ಡರಿನಲ್ಲಿ ಕಂಡರೆ ಅದು ನಿಧಾನದ ದೋಷವಲ್ಲ, ನುಸುಳುಕೋರರ ಗುರುತು. ನೆಟ್‌ವರ್ಕ್ ಕೇಬಲ್ ತೆಗೆದು, ಏನನ್ನೂ ಅಳಿಸದೆ ಬಲ್ಲವರಿಗೆ ತಿಳಿಸಿ. ಸರ್ವರ್ ಪೆಟ್ಟಿಗೆ ಮುಟ್ಟಿದಾಗ ಜುಂ ಎಂದರೆ ಅರ್ತಿಂಗ್ ಹೋಗಿದೆ. ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ, ಒದ್ದೆ ನೆಲದಲ್ಲಿ ನಿಂತು ಮತ್ತೆ ಪರೀಕ್ಷಿಸಬೇಡಿ. ಯುಪಿಎಸ್ ತೆರೆಯುವುದೂ ನಿಮ್ಮ ಕೆಲಸವಲ್ಲ, ಕರೆಂಟ್ ತೆಗೆದ ಮೇಲೂ ಬ್ಯಾಟರಿಯ ಅಪಾಯ ಒಳಗೆ ಉಳಿದಿರುತ್ತದೆ.

ಸಿಡಿಲಿನ ದಿನಗಳಲ್ಲಿ ಸರ್ವರನ್ನು ಕ್ರಮವಾಗಿ ಆರಿಸಿ, ಪವರ್ ಪ್ಲಗ್ ಜೊತೆಗೆ ತಾಮ್ರದ ನೆಟ್‌ವರ್ಕ್ ಕೇಬಲ್ಲನ್ನೂ ಕಳಚಿಡಿ. ಫೈಬರ್ ಗಾಜಾದರೂ ಕಂಬದಿಂದ ಬರುವ ಎಳೆಗೆ ಉಕ್ಕಿನ ಆಧಾರತಂತಿ ಇರುತ್ತದೆ, ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಗೋಡೆಯ ಪಾಯಿಂಟಿಗೇ ಜೋಡಿಸಿರುತ್ತದೆ. ಕರಾವಳಿಯಲ್ಲೂ ಘಟ್ಟದ ಮೇಲೂ ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನ ಸಂಜೆಗಳಲ್ಲಿ ಇದನ್ನು ತಪ್ಪಿಸಬೇಡಿ.

ಯಾರನ್ನೇ ಕರೆದರೂ ಮೊದಲು ಬರೆದಿಟ್ಟ ಕಾಗದವನ್ನು ಅವರ ಕೈಗೆ ಕೊಡಿ: ನಿಂತ ಗಾತ್ರ, ನಿಂತ ಸಮಯ, ಕಂಡ ಸಂಖ್ಯೆ, ಎತ್‌ಟೂಲ್ ಹೇಳಿದ ವೇಗ, ಡಿಎಫ್‌ನ ಎರಡೂ ಪಟ್ಟಿ, ಫೈಬರಿನ ಡಿಬಿಎಂ, ನೀವು ಬದಲಿಸಿದ ಸೆಟ್ಟಿಂಗ್ ಮತ್ತು ಅದರ ಹಳೆಯ ಪ್ರತಿ ಇರುವ ಜಾಗ.